ಕಂಬಳಿ ಹೊಚ್ಚಿದ ತಪ್ಪು

ಕಾಳಪ್ಪನಿಗೆ ಗಲ್ಲು ಶಿಕ್ಷೆಯಾಯಿತು ಎಂಬ ಸುದ್ದಿ ಬಂದ ದಿನ ನಾನು ಅಮೀನಗಡದಿಂದ ಕರದಂಟು ತರಿಸಿ ನನ್ನ ಹಿಟ್ಟಿನ ಗಿರಣಿಗೆ ಬಂದವರಿಗೆಲ್ಲ ಹಂಚಿದೆ. ಒಬ್ಬ ಮನುಷ್ಯನ ಕುತ್ತಿಗೆಗೆ ಹಗ್ಗ ಬೀಳುತ್ತದೆಂದು ಸಿಹಿ ಹಂಚಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ಯಾರೂ ನನ್ನನ್ನು ಒಳ್ಳೆಯವನು ಎಂದುಕೊಳ್ಳಬಾರದು.

ಸತ್ತವನು ಪಾಂಡಪ್ಪ, ನನ್ನ ಕಾಕಾನ ಮಗ. ಬೇವೂರಿನ ಕಡೆ ಹೋಗುವ ದಾರಿಗೆ ಹತ್ತಿದ ಆರು ಎಕರೆ ಎರೆಹೊಲವನ್ನು ಇಪ್ಪತ್ತು ವರ್ಷದಿಂದ ಪಾಲಿಗೆ ಮಾಡುತ್ತಿದ್ದ. ಹೊಲ ಊರ ನಡುವಿನ ವಾಡೇದಲ್ಲಿರುವ ಧಣಿಯದು. ಉಳುವವನೇ ಹೊಲದೊಡೆಯ ಎಂದು ಸರಕಾರ ಕಾಯಿದೆ ತಂದಾಗ ನಮ್ಮೂರಲ್ಲಿ ಧೈರ್ಯ ಮಾಡಿ ಅರ್ಜಿ ಹಾಕಿದವನು ಪಾಂಡಪ್ಪನೊಬ್ಬನೇ. 1977ರ ಚಳಿಗಾಲದಲ್ಲಿ, ಜೋಳ ಹಾಲುಗಾಳು ಹಿಡಿದಿದ್ದಾಗ, ಅದೇ ಹೊಲದ ಬದುವಿನ ಮೇಲೆ ಅವನ ಹೆಣ ಬಿತ್ತು. ಕೊಡಲಿಯಿಂದ ತಲೆ ಸೀಳಿದ್ದರು. ಹೆಣದ ಮೇಲೆ ಕುರಿ ಕಾಯುವ ಕಾಳಪ್ಪನ ಕಂಬಳಿ ಇತ್ತು. ಹಿಂದಿನ ವಾರವಷ್ಟೇ ಕಾಳಪ್ಪನ ಕುರಿ ಪಾಂಡಪ್ಪನ ಬೆಳೆಗೆ ಬಿದ್ದು, ಇಬ್ಬರೂ ಸಂತೆಯಲ್ಲಿ ಅಂಗಿ ಹಿಡಿದು ಜಗ್ಗಾಡಿದ್ದರು. ಅಷ್ಟು ಸಾಕಾಯಿತು ಪೊಲೀಸರಿಗೆ. ನನಗೂ ಸಾಕಾಯಿತು.

ಗಲ್ಲಿನ ತೀರ್ಪಾಗಿ ಎರಡು ತಿಂಗಳಾದ ಮೇಲೆ ಕಾಳಪ್ಪನ ಹೆಂಡತಿ ಸೋಮವ್ವ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಕೊಲೆಯಾದಂದಿನಿಂದ ಆ ಒಂದು ವರ್ಷದಲ್ಲಿ ಅವಳ ಬದುಕು ಏನಾಗಿತ್ತೆಂದು ನಾನು ದಿನಾ ನೋಡುತ್ತಿದ್ದೆ, ನೋಡಿ ಹಿಗ್ಗುತ್ತಿದ್ದೆ. ಅರವತ್ತು ಕುರಿಗಳಲ್ಲಿ ಉಳಿದದ್ದು ಹನ್ನೊಂದು. ಮುಂಚೆ ರೈತರು ಗೊಬ್ಬರಕ್ಕಾಗಿ ನನ್ನ ಹೊಲದಲ್ಲಿ ಕುರಿ ತರುಬು, ನನ್ನ ಹೊಲದಲ್ಲಿ ತರುಬು ಎಂದು ಅವರ ಮನೆ ಮುಂದೆ ಕೂಡುತ್ತಿದ್ದರು. ಈಗ ಕೊಲೆಗಡುಕನ ಕುರಿ ಬದು ದಾಟಿದರೆ ಕಲ್ಲು ಬೀರುತ್ತಿದ್ದರು. ಬಾವಿಯಲ್ಲಿ ಎಲ್ಲರೂ ಸೇದಿದ ಮೇಲೆ ಅವಳು ರಾಡಿ ನೀರು ಸೇದಬೇಕು. ಕೂಲಿಗೆ ಯಾರೂ ಕರೆಯರು. ಸುಗ್ಗಿ ಮುಗಿದ ಹೊಲಗಳಲ್ಲಿ ಬಿದ್ದ ತೆನೆ ಆಯ್ದು ಮಗಳಿಗೆ ನುಚ್ಚು ಕಾಸಿ ಹಾಕುತ್ತಿದ್ದಳು.

"ಏನ ಬಂದಿ? ನಿನ್ನ ಜ್ವಾಳ ಇಲ್ಲಿ ಬೀಸಂಗಿಲ್ಲ" ಎಂದೆ.

"ಬೀಸಾಕ ಜ್ವಾಳ ಎಲ್ಲಿಂದ ತರ್ಲೋ ಯಪ್ಪಾ. ಕಾಗದ ಬಂದೈತಿ. ಓದಿ ಹೇಳು."

"ಊರಾಗ ನಾನೊಬ್ಬನ ಏನು ಓದಾವ?"

"ಇನ್ನೊಬ್ಬ ವಾಡೇದ ಗುಮಾಸ್ತ ಅದಾನ. ಅವನ ಕೈಯಾಗ ಕೊಡ್ಲೇನು?"

ಸಿಟ್ಟಿನಿಂದಲೇ ಕಾಗದ ಕಸಿದುಕೊಂಡೆ. ಬೆಂಗಳೂರಿನಿಂದ ಜಲಾಲುದ್ದೀನ ಎಂಬ ವಕೀಲರು ಕನ್ನಡದಲ್ಲಿ ಬರೆದಿದ್ದರು. ಗಲ್ಲು ಶಿಕ್ಷೆಯನ್ನು ಮೇಲಿನ ಕೋರ್ಟು ಖಾಯಂ ಮಾಡುವ ತನಕ ಯಾರನ್ನೂ ನೇಣಿಗೆ ಹಾಕುವಂತಿಲ್ಲ. ಕಾಳಪ್ಪ ಜೈಲಿನಿಂದ ಅಪೀಲು ಮಾಡಿದ್ದಾನೆ. ವಕೀಲರನ್ನಿಡುವ ಶಕ್ತಿ ಇಲ್ಲದ್ದರಿಂದ ಕೋರ್ಟೇ ತಮ್ಮನ್ನು ನೇಮಿಸಿದೆ. ಕೊನೆಗೆ ಒಂದು ಪ್ರಶ್ನೆ: 'ಹೆಣ ಕೊಯ್ದ ಡಾಕ್ಟರು ಹಣೆಯ ಮೇಲೆ ಹಳದಿ ಪುಡಿ ಇತ್ತೆಂದು ಬರೆದಿದ್ದಾರೆ. ಕೆಳಗಿನ ಕೋರ್ಟಿನಲ್ಲಿ ಅದರ ಬಗ್ಗೆ ಯಾರೂ ಕೇಳಿಲ್ಲ. ಅದೇನು, ನಿಮಗೇನಾದರೂ ಗೊತ್ತೇ?'

ನಾನು ಓದುವುದನ್ನು ನಿಲ್ಲಿಸಿದೆ.

"ತಿಮ್ಮಣ್ಣಾ, ಹೆಣ ನೀ ನೋಡಿದೆಲ್ಲಾ?" ಸೋಮವ್ವ ಕೇಳಿದಳು.

"ನೋಡೇನಿ. ನಿನ್ನ ಗಂಡನ ಕಂಬಳಿ ಮ್ಯಾಲಿತ್ತು."

"ಕಂಬಳಿ ನಾಕೂ ಮೂಲಿಗೆ ಏನಿತ್ತು?"

"ಏನಿರತೈತಿ?"

"ನೀ ಹೇಳು."

"ಕಲ್ಲ ಇಟ್ಟಿದ್ರು."

"ಹಣಿ ಮ್ಯಾಲೆ?"

ಕಾಗದದ 'ಹಳದಿ ಪುಡಿ' ಎಂಬ ಮಾತಿನ ಮೇಲೆ ಬೆರಳಿಟ್ಟೆ. "ಭಂಡಾರ" ಎಂದೆ. ದೇವರ ಅರಿಶಿನ.

"ಕಡದು ಓಡಿ ಹೋಗಾವ ಹಣಿಗೆ ಭಂಡಾರ ಹಚ್ಚತಾನೇನೋ? ಗಾಳಿಗೆ ಹಾರಬಾರದಂತ ಕಲ್ಲ ಹೇರತಾನೇನೋ? ನಾವು ಬೀರಪ್ಪನ ಒಕ್ಕಲ. ಅಡವ್ಯಾಗ ಹೆಣ ಕಂಡ್ರ ಹಂಗ ಬಿಟ್ಟು ಹೋಗಂಗಿಲ್ಲ. ವೈರಿ ಇದ್ರೂ ಸೈತ ಭಂಡಾರ ಹಚ್ಚಿ, ಮೈಮ್ಯಾಲಿನ ಕಂಬಳಿ ಹೊಚ್ಚಿ ಹೋಗಬೇಕು. ಹೊಚ್ಚಿದ ಕಂಬಳಿ ಹೊಳ್ಳಿ ತಗೊಳಂಗಿಲ್ಲ. ನಿನ್ನ ತಮ್ಮನ ಮಾರಿ ನರಿ ತಿನ್ನಬಾರದಂತ ಹೊಚ್ಚಿದ. ಆ ಚಳಿಯಾಗ ಬರಿಮೈಲಿ ಬಂದ. ಅದಕ್ಕ ಗಲ್ಲೇನು?"

"ಮತ್ತ ಕೋರ್ಟಿನ್ಯಾಗ ಯಾಕ ಬಾಯಿ ಬಿಡಲಿಲ್ಲ ಅವ?"

"ಸತ್ತಾವರಿಗೆ ಮಾಡಿದ್ದನ್ನ ಬಾಯಿಬಿಟ್ಟು ಹೇಳಕೊಂಡ್ರ ಅದು ಸಲ್ಲಂಗಿಲ್ಲ. ಹಂಗಂತ ಸುಮ್ಮನಿದ್ದ, ಹುಚ್ಚ ನನ್ನ ಗಂಡ."

ಖರೆ. ಜಿಲ್ಲಾ ಕೋರ್ಟಿನಲ್ಲಿ ಕಾಳಪ್ಪ ಹೇಳಿದ್ದು ಎರಡೇ ಮಾತು. 'ಕಂಬಳಿ ನಂದು. ನಾನ ಹೊಚ್ಚೇನಿ.' ಹೆಣ ಮುಚ್ಚಿಟ್ಟದ್ದನ್ನು ಆರೋಪಿಯೇ ಒಪ್ಪಿದ್ದಾನೆಂದು ಜಡ್ಜ್ ಬರೆದರು. ಅವನ ಪರವಾಗಿ ನಿಂತ ವಕೀಲ ಮುಂದೆ ಒಂದು ಮಾತನ್ನೂ ಕೇಳಲಿಲ್ಲ.

ಇನ್ನು ನನ್ನ ಕಥೆ. ಪಂಚನಾಮೆ ಎಂದರೆ ಹೆಣ ಬಿದ್ದ ಜಾಗದಲ್ಲಿ ಏನೇನು ಕಂಡಿತೆಂದು ಊರವರ ಎದುರಿಗೆ ಬರೆಯುವ ಕಾಗದ. ಊರವರು ಕಣ್ಣಾರೆ ಕಂಡು ಸಹಿ ಹಾಕಬೇಕು. ಅವತ್ತು ಠಾಣೆಯ ದೊಡ್ಡ ಸಾಹೇಬ, ಫೌಜದಾರ, ಬಿಳಿ ಹಾಳೆಯ ಕೆಳತುದಿಗೆ ಬೆರಳಿಟ್ಟು, "ತಿಮ್ಮಣ್ಣ, ಏಳನೇತ್ತ ಪಾಸಾದಾಂವ ನೀ. ಇಲ್ಲಿ ಸಹಿ ಮಾಡು" ಎಂದ.

"ಬರದ ಇಲ್ಲಲ್ರಿ ಸಾಹೇಬ್ರ."

"ಠಾಣೇಕ ಹೋಗಿ ಬರೀತೇನಿ. ಬಿಸಲಾಗ ಕುಂತು ಬರಿ ಅಂತೀ ಏನು? ನಿನ್ನ ತಮ್ಮನ್ನ ಕೊಂದಾವಗ ಗಲ್ಲ ಆಗೂದು ಬ್ಯಾಡೇನ?"

ಧಣಿ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ನನ್ನ ಕಣ್ಣಿಗೆ ರಕ್ತ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸಹಿ ಹಾಕಿದೆ. ಅಕ್ಷರ ಚಂದ ಬರಲೆಂದು ಉಸಿರು ಹಿಡಿದು ಹಾಕಿದೆ. ಆ ಬಿಳಿ ಹಾಳೆಯ ಮೇಲೆ ಆಮೇಲೆ ಏರಿದ್ದು ಬೇರೆಯೇ ಎಂದು ಮುಂದೆ ಬೆಂಗಳೂರಿನ ವಕೀಲರು ಓದಿ ಹೇಳಿದಾಗ ತಿಳಿಯಿತು. ಹೆಣ ಜಾಲಿ ಕಂಟಿಯ ಒಳಗೆ ಕಂಬಳಿಯಲ್ಲಿ ಸುತ್ತಿ ಮುಚ್ಚಿಟ್ಟಿತ್ತಂತೆ. ಕಾಳಪ್ಪನೇ ತೋರಿಸಿದ ಜಾಗದಲ್ಲಿ ರಕ್ತದ ಕೊಡಲಿ ಸಿಕ್ಕಿತಂತೆ. ನಿಜದಲ್ಲಿ ಕಾಳಪ್ಪನ ಕೊಡಲಿ ಅವನ ಹೆಗಲ ಮೇಲೇ ಇತ್ತು. ಬೆಳಿಗ್ಗೆ ಹೆಣ ಕಂಡವನೇ ಸುದ್ದಿ ಹೇಳಲು ವಾಡೇಕ್ಕೆ ಹೋಗಿದ್ದ. ಧಣಿ ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಠಾಣೆಗೆ ಆಳು ಕಳಿಸಿದ. ಕಾಳಪ್ಪ ಚಹಾ ಕುಡಿಯುತ್ತ ಪೊಲೀಸರಿಗಾಗಿ ಕಾದ.

ಕೋರ್ಟಿನಲ್ಲಿ ಸರಕಾರಿ ವಕೀಲ, ಇದು ನಿನ್ನ ಸಹಿಯೇ ಎಂದ. ಹೌದೆಂದೆ. ಬರೆದದ್ದೆಲ್ಲ ನಿಜವೇ ಎಂದ. ನಿಜವೆಂದೆ. ಅದರಲ್ಲಿ ಏನು ಬರೆದಿದೆ ಎಂದು ನಾನು ಓದಿರಲಿಲ್ಲ. ಸಾಲಿ ಕಲಿತವನು ನಾನು!

ಸೋಮವ್ವ ಕಾಗದ ತಂದ ದಿನವೇ ಗಿರಣಿ ಬಂದ್ ಮಾಡಿ ಪಾಂಡಪ್ಪನ ಮನೆಗೆ ಹೋದೆ. ಅವನ ಹೆಂಡತಿ ಚಂದವ್ವನ ಮುಂದೆ ವಾಡೇದ ಗುಮಾಸ್ತ ಕುಕ್ಕರಗಾಲಲ್ಲಿ ಕೂತಿದ್ದ. ಮಸಿಯ ಡಬ್ಬಿ ತೆರೆದಿತ್ತು.

"ಹೆಬ್ಬಟ್ಟ ಒತ್ತವ್ವ. ಧಣ್ಯಾರು ಓಡ್ಯಾಡಿ ನಿನ್ನ ಗಂಡಗ ನ್ಯಾಯ ಕೊಡಿಸ್ಯಾರ. ನೀ ಈ ಹೊಲದ ಅರ್ಜಿ ಹಿಂದಕ್ಕ ತಗೊಂಡ್ರ ತೀರಿತು."

"ಎದ್ದು ಹೊರಗ ಹೋಗಲೇ" ಎಂದೆ ನಾನು.

"ಹಲ್ಲ ಬಿಗಿ ಹಿಡದು ಮಾತಾಡೋ ತಿಮ್ಮಣ್ಣ. ಗಿರಣಿ ಕಟ್ಟಿದ್ದು ಧಣ್ಯಾರ ಜಾಗಾದಾಗ."

ಡಬ್ಬಿಯನ್ನು ಒದ್ದೆ. ಅವನ ಧೋತರವೆಲ್ಲ ಮಸಿಯಾಯಿತು. ಬಯ್ಯುತ್ತ ಹೋದ. ಚಂದವ್ವ ಅಳಲಿಲ್ಲ. ಸೆರಗಿನಿಂದ ನೆಲದ ಮಸಿ ಒರೆಸುತ್ತ ಹೇಳಿದಳು.

"ಆ ಸಂಜಿ ಅವರನ್ನ ಕರಿಯಾಕ ಇವನ ಬಂದಿದ್ದ ಭಾವಾರ. ಧಣ್ಯಾರು ಹೊಲದ ಮಾತಾಡಬೇಕಂತಾರ, ಬಾ ಅಂದ. ಹೋದವರು ಬರಲಿಲ್ಲ. ಫೌಜದಾರಗ ಹೇಳಿದೆ. ಬರಕೊಳ್ಳಲಿಲ್ಲ."

"ನನಗ್ಯಾಕ ಹೇಳಲಿಲ್ಲವಾ?"

"ಕೇಳೂ ಹಂಗ ಇದ್ರೇನ್ರಿ ನೀವು? ಕಾಳಪ್ಪನ ಹೆಂಡ್ತೀನೂ ಕಡೀತೇನಂತ ಓಣ್ಯಾಗ ಕುಣದಾಡಾಕತ್ತಿದ್ರಿ."

ಮರುವಾರ ನಾನು ಮತ್ತು ಸೋಮವ್ವ ಬೆಂಗಳೂರಿಗೆ ಹೋದೆವು. ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ. ದಾರಿಯುದ್ದಕ್ಕೂ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಕೊಂಡುಕೊಟ್ಟ ಬಾಳೆಹಣ್ಣನ್ನು ಕಿಟಕಿಯಿಂದ ಹೊರಗೆ ಎಸೆದಳು.

ಜಲಾಲುದ್ದೀನ ವಕೀಲರು ಇಳಕಲ್ಲಿನವರು. ಅವರ ತಂದೆ ಮಗ್ಗ ನೇಯುತ್ತಿದ್ದರಂತೆ. ನಮ್ಮ ಮಾತು ಕೇಳಿ ಅವರ ಮಾತೂ ಊರ ಕಡೆ ತಿರುಗಿತು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಪೆನ್ನು ಕೆಳಗಿಟ್ಟರು.

"ತಿಮ್ಮಣ್ಣ, ನೀವು ಇದನ್ನ ಕೋರ್ಟಿನ್ಯಾಗ ಹೇಳಿದ್ರ ಮೊದಲ ಹೇಳಿದ್ದು ಸುಳ್ಳಾಗತೈತಿ. ಗಲ್ಲ ಆಗೂ ಕೇಸಿನ್ಯಾಗ ಸುಳ್ಳ ಸಾಕ್ಷಿ ಹೇಳಿದಾವಗ ಜನ್ಮಠೇಪ ತನಕ ಶಿಕ್ಷಾ ಐತಿ. ತಿಳದು ಹೇಳ್ರಿ."

ಎರಡು ದಿನದಲ್ಲಿ ಮೊದಲ ಸಲ ಸೋಮವ್ವ ನನ್ನ ಮುಖ ನೋಡಿದಳು. ನಾನು ಹೆದರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

"ಹೇಳ್ತೇನ್ರಿ" ಎಂದೆ.

ಕೋರ್ಟು ನನ್ನನ್ನು ಮತ್ತೆ ವಿಚಾರಿಸಲು ಒಪ್ಪುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಧಣಿ ನನ್ನ ಗಿರಣಿಗೆ ಬೀಗ ಹಾಕಿಸಿದ. ಜಾಗ ಅವನದು, ಗಿರಣಿ ನನ್ನದು. ಮಷೀನು ಒಳಗೇ ತುಕ್ಕು ಹಿಡಿಯಿತು.

ಇಬ್ಬರು ಜಡ್ಜ್‌ಗಳು ಎತ್ತರದಲ್ಲಿ ಕೂತಿದ್ದರು. ನಾನು ಕಂಡದ್ದನ್ನು ಕಂಡಹಾಗೆ ಹೇಳಿದೆ. ಹೆಣ ಬದುವಿನ ಮೇಲೆ ಬಯಲಲ್ಲಿತ್ತು. ಮುಖ ಮೂಡಣಕ್ಕಿತ್ತು. ಹಣೆಗೆ ಭಂಡಾರ, ಮೇಲೆ ಕಂಬಳಿ, ಮೂಲೆಗೆ ಕಲ್ಲು. ಹಾಳೆ ಬಿಳಿಯಾಗಿತ್ತು. ಸರಕಾರಿ ವಕೀಲರು ಎದ್ದರು. ಅವರ ಕನ್ನಡ ಪುಸ್ತಕದ ಕನ್ನಡ.

"ಕೆಳಗಿನ ನ್ಯಾಯಾಲಯದಲ್ಲಿ ದೇವರ ಮೇಲೆ ಪ್ರಮಾಣ ಮಾಡಿದ್ದೆಯಲ್ಲವೇ?"

"ಮಾಡಿದ್ದೆರಿ."

"ಇಲ್ಲಿಯೂ ಮಾಡಿದ್ದೀಯ. ಯಾವುದು ಸುಳ್ಳು?"

"ಅದರಿ."

"ಈಗ ಆರೋಪಿಯ ಕಡೆಯವರು ಏನು ಕೊಟ್ಟರು ನಿನಗೆ?"

ನನಗೆ ತಡೆಯಲಾಗಲಿಲ್ಲ. "ಆ ಹೆಣ್ಣಮಗಳು ಬಿದ್ದ ತೆನಿ ಆರಿಸಿ ನುಚ್ಚ ಕುಡೀತಾಳ. ಅಕಿ ನನಗೇನ ಕೊಡತಾಳ್ರಿ? ಸತ್ತಾವ ನನ್ನ ತಮ್ಮ. ಕೊಂದಾವ ಇವನ ಆಗಿದ್ರ ಹಗ್ಗ ನಾನ ಹೊಸದು ಕೊಡತಿದ್ದೆ!"

"ಧ್ವನಿ ಇಳಿಸು" ಎಂದರು ಒಬ್ಬ ಜಡ್ಜ್. "ಸುಳ್ಳು ಸಾಕ್ಷಿಗೆ ಏನು ಶಿಕ್ಷೆ ಎಂಬುದು ಗೊತ್ತಿದೆಯೇ?"

"ಗೊತ್ತೈತ್ರಿ. ಕೊಡ್ರಿ."

ತೀರ್ಪು ಬಂದದ್ದು ಇನ್ನೂ ಒಂದು ತಿಂಗಳಿಗೆ. ಜಲಾಲುದ್ದೀನ ವಕೀಲರು ಇಂಗ್ಲಿಷಿನಲ್ಲಿದ್ದುದನ್ನು ಕೋರ್ಟಿನ ಹೊರಗಿನ ಮರದ ಕೆಳಗೆ ನಮಗೆ ಕನ್ನಡದಲ್ಲಿ ಹೇಳಿದರು. ಗಲ್ಲು ರದ್ದಾಗಿತ್ತು. ಸೋಮವ್ವ ನೆಲಕ್ಕೆ ಹಣೆ ಹಚ್ಚಿದಳು. ವಕೀಲರು ಮಾತ್ರ ನಗಲಿಲ್ಲ.

"ಏಳ್ರೆವ್ವಾ. ಪೂರ್ತಿ ಕೇಳ್ರಿ. ಗಲ್ಲ ತಗದು ಜನ್ಮಠೇಪ ಮಾಡ್ಯಾರ."

"ಅಂದ್ರ?"

"ಜೀವ ಇರೂತನಕ ಜೇಲು. ಕೊಂದಾನಂಬೂದನ್ನ ಹಂಗ ಇಟ್ಟಾರ."

"ಭಂಡಾರ ಹಚ್ಚಿದ್ದು ಖರೆ ಅಂತ ಒಪ್ಪಲಿಲ್ಲೇನ್ರಿ?" ಎಂದೆ ನಾನು.

"ಒಪ್ಯಾರ. ಡಾಕ್ಟರ ಬರದಾರಲ್ಲ. ಕೊಂದ ಮ್ಯಾಲೆ ಆರೋಪಿ ಮರಗ್ಯಾನ, ಅದಕ್ಕ ಹಣಿಗೆ ಭಂಡಾರ ಹಚ್ಚಿ ಕಂಬಳಿ ಹೊಚ್ಯಾನ, ಇಂಥಾವನ್ನ ಗಲ್ಲಿಗೆ ಹಾಕೂದು ಬ್ಯಾಡ. ಹಿಂಗ ಬರದಾರ."

"ಮತ್ತ ನಾ ಹೇಳಿದ್ದು?"

"ಎರಡ ಕಡೆ ಎರಡ ಮಾತ ಹೇಳಿದ ಸಾಕ್ಷಿ, ನಂಬೂ ಹಂಗಿಲ್ಲ ಅಂದಾರ. ಕಂಬಳಿ ಐತಿ, ಕೊಡ್ಲಿ ಐತಿ, ಜಗಳಾ ಆಗಿದ್ದೈತಿ, ಸಾಕು ಅಂದಾರ."

ನೋಡಿ ಇವರ ತಕ್ಕಡಿ. ಅವನು ಹೊಚ್ಚಿದ ಕಂಬಳಿ ಕೆಳಗಿನ ಕೋರ್ಟಿಗೆ ಹೆಣ ಮುಚ್ಚಿಟ್ಟ ಗುರುತಾಯಿತು. ಮೇಲಿನ ಕೋರ್ಟಿಗೆ ಮರುಗಿದ ಗುರುತಾಯಿತು. ಹೊಚ್ಚುವುದು ಅವನ ಜನರ ಪದ್ಧತಿ ಎಂದು ಎರಡೂ ಕೋರ್ಟುಗಳ ಜಡ್ಜ್‌ಗಳಲ್ಲಿ ಯಾರ ತಲೆಗೂ ಹೋಗಲಿಲ್ಲ. ಕುರುಬನ ಬೆನ್ನಿನ ಕಂಬಳಿಯನ್ನು ಅವರು ನೋಡಿದ್ದು ಸರಕಾರಿ ಸೀಲು ಒತ್ತಿದ ಗಂಟಿನಲ್ಲಿ ಮಾತ್ರ.

ಬೆಳಗಾವಿಯ ಜೈಲಿಗೆ ಹೋಗಿ ನಾವೇ ಕಾಳಪ್ಪನಿಗೆ ಹೇಳಿದೆವು. ಜಾಳಿಗೆಯ ಆಚೆ ಅವನು ಒಣಗಿದ ಕಟ್ಟಿಗೆಯಂತೆ ನಿಂತಿದ್ದ. ನನ್ನನ್ನು ಕಂಡು ಬಯ್ಯುತ್ತಾನೆಂದುಕೊಂಡಿದ್ದೆ. ಬಯ್ಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಗಲ್ಲ ಇಲ್ಲಂತ" ಎಂದಳು ಸೋಮವ್ವ.

"ಹಂಗಾರ ನಾ ಕೊಂದಿಲ್ಲಂತ ಬರದಾರೇನು?"

"ಇಲ್ಲ."

"ಮತ್ತೇನಂತ ಬರದಾರ?"

ಅವಳು ನನ್ನ ಕಡೆ ನೋಡಿದಳು. ನಾನು ಹೇಳಬೇಕಾಯಿತು. "ಕೊಂದು ಮರಗ್ಯಾನಂತ ಬರದಾರ."

ಕಾಳಪ್ಪ ಜಾಳಿಗೆಯ ಹತ್ತಿರ ಬಂದ. ಆಮೇಲೆ, "ತಿಮ್ಮಣ್ಣಾ, ನೀನು ಸೈತ ಹಂಗ ತಿಳಕೊಂಡೀ ಏನೋ?" ಎಂದು ಕೇಳಿದ.

"ಇಲ್ಲೋ."

"ನಾ ಯಾಕ ಮರಗಲಿ? ಮಾಡಿದಾಂವ ಮರಗಬೇಕು. ನಾ ಮಾಡಿದ್ದಕ್ಕ ಮರಗೂದೇನೈತಿ? ಇನ್ನೊಮ್ಮೆ ಹೆಣ ಕಂಡ್ರೂ ಹೊಚ್ಚತೇನಿ. ಬರಕೋ ಅಂತ ಹೇಳ ಅವರಿಗೆ."

ಬರುವಾಗ ಬಸ್ಸಿನಲ್ಲಿ ನನಗೆ ಒಂದು ಮಾತು ಹೊಳೆಯಿತು. ನಾನು ಎರಡು ಮಾತು ಆಡಿದವನೆಂದು ಕೋರ್ಟೇ ಬರೆದಿದೆ. ಎರಡರಲ್ಲಿ ಒಂದು ಸುಳ್ಳು. ಸುಳ್ಳಿಗೆ ಶಿಕ್ಷೆ ಇದೆ. ಹಾಗಾದರೆ ನನ್ನ ಮೇಲೆ ಕೇಸು ಹಾಕಲಿ. ಕೇಸು ನಡೆದರೆ ಯಾವುದು ಸುಳ್ಳೆಂದು ಹುಡುಕಲೇಬೇಕು. ಹುಡುಕಿದರೆ ಆ ಬಿಳಿ ಹಾಳೆ ಹೊರಗೆ ಬರಲೇಬೇಕು. ಬಂದರೆ ಕಾಳಪ್ಪ ಹೊರಗೆ ಬರಬೇಕು. ಸೋಮವ್ವ ಈಗ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಹೇಳಿದೆ. "ನೀ ಒಳಗ ಹೋದ್ರ ನಿನ್ನ ಹೇಣ್ತಿ ಮಕ್ಕಳೋ?" ಎಂದಳು. "ನಿನ್ನ ಮಗಳು ಹ್ಯಾಂಗ ಅದಾಳ ಹಂಗ ಇರತಾವು" ಎಂದೆ.

ಸೋಮವಾರ ಬೆಳಿಗ್ಗೆ, ಚಂದವ್ವನಿಗೂ ಸೋಮವ್ವನಿಗೂ ಹೇಳಿ, ಠಾಣೆಗೆ ಹೋದೆ. ಬಿಳಿ ಹಾಳೆಗೆ ಸಹಿ ಹಾಕಿಸಿದ ಅದೇ ಫೌಜದಾರ ಕೂತಿದ್ದ.

"ಸಾಹೇಬ್ರ, ನನ್ನ ಹಿಡೀರಿ. ನಾ ಸುಳ್ಳ ಸಾಕ್ಷಿ ಹೇಳೇನಿ."

ಅವನು ನಕ್ಕ. "ಕೇಸ ಮುಗೀತೋ ಮಾರಾಯಾ. ಅವಂದು ಜೀವ ಉಳೀತು. ಮನಿಗೆ ಹೋಗಿ ಉಂಡು ಮಕ್ಕೊ."

"ಮುಗದಿಲ್ರಿ. ಮೊದಲ ಹೇಳಿದ್ದು ಸುಳ್ಳಂತ ಬರಕೋರಿ. ಇಲ್ಲಾ, ಆಮ್ಯಾಲೆ ಹೇಳಿದ್ದು ಸುಳ್ಳಂತ ಬರಕೋರಿ. ಯಾವದರ ಒಂದು ಬರಕೋರಿ. ಎರಡಕ್ಕೂ ಜೇಲ ಐತಿ."

"ಹುಚ್ಚ ಹಿಡದೈತೇನ ನಿನಗ?"

"ಕಳ್ಳ ತಾನಾಗಿ ಬಂದು ಕೈ ಚಾಚ್ಯಾನ, ಬ್ಯಾಡ ಅಂತೀರಿ. ಏನ್ರಿ ಇದು ನಿಮ್ಮ ನೌಕರಿ?"

ನಗು ಹೋಯಿತು. ಎದ್ದು ಬಂದು ನನ್ನ ಎದೆಗೆ ಕೈ ಹಚ್ಚಿ ಹೊರಗೆ ನೂಕಿದ. ಮೆಟ್ಟಿಲ ಮೇಲೆ ಬಿದ್ದೆ. ಏಳಲಿಲ್ಲ. ಅಲ್ಲೇ ಕೂತೆ. ಸೋಮವ್ವ ಬಂದು ಪಕ್ಕದಲ್ಲಿ ಕೂತಳು. ಹಿಂದೆಯೇ ಚಂದವ್ವ ಬಂದಳು. ಕೊಲೆಯಾದವನ ಹೆಂಡತಿ, ಕೊಲೆ ಮಾಡಿದನೆನ್ನುವವನ ಹೆಂಡತಿ, ಇಬ್ಬರೂ ಮೈಗೆ ಮೈ ಹಚ್ಚಿ ಕೂತದ್ದನ್ನು ಕಂಡು ಎದುರಿಗೆ ಬಸ್ಸಿಗಾಗಿ ನಿಂತ ಜನ ಹತ್ತಿರ ಬಂದರು.

"ಏನಾಗೇತಿ?" ಎಂದು ಕಡಲೆ ಮಾರುವ ಖಾಸಿಂಸಾಬ ಕೇಳಿದ.

"ನನ್ನ ಒಳಗ ಹಾಕ್ರಿ ಅಂದ್ರ ಹಾಕವಲ್ರು."

"ಎಲ್ಲಾರ್ನೂ ಎಳದು ಎಳದು ಹಾಕತಾರ. ನಿನಗ್ಯಾಕ ಇಷ್ಟ ಮರ್ಯಾದಿ?"

ಜನ ನಕ್ಕರು. ನಾನು ಹೇಳಿದೆ. ಕರದಂಟು ಹಂಚಿದ್ದನ್ನೂ ಬಿಡದೆ ಎಲ್ಲ ಹೇಳಿದೆ. ನಗು ನಿಂತಿತು. ಬಸ್ಸು ಬಂತು, ಹೋಯಿತು. ಅರ್ಧ ಜನ ಹತ್ತಲಿಲ್ಲ. ನಮ್ಮೂರ ಮೂರು ಮಂದಿ ರೈತರು, ಪಾಲಿಗೆ ಹೊಲ ಮಾಡುವವರು, ಅರ್ಜಿ ಹಾಕಲು ಅಂಜಿದವರು, ಟವೆಲ್ಲು ಹಾಸಿ ಕೂತರು.

ಒಳಗಿಂದ ಫೋನು ಹೋಗಿರಬೇಕು. ಮಧ್ಯಾಹ್ನಕ್ಕೆ ವಾಡೇದ ಜೀಪು ಬಂದು ನಿಂತಿತು. ಧಣಿ ಇಳಿದ. ದನಿ ಬೆಣ್ಣೆಯಂತಿತ್ತು.

"ಚಂದವ್ವ, ಇದೇನವಾ ನಡಬೀದ್ಯಾಗ? ನಡಿ, ವಾಡೇದಾಗ ಕುಂತು ಮಾತಾಡೂಣು."

ಚಂದವ್ವ ಎದ್ದು ನಿಂತಳು. ಅವನ ಮುಂದೆ ಅವಳು ಸೆರಗು ಎಳೆದುಕೊಳ್ಳದೆ ನಿಂತದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

"ನನ್ನ ಗಂಡ ಮಾತಾಡಾಕಂತ ನಿಮ್ಮ ವಾಡೇಕ ಬಂದು ಹೊಳ್ಳಿ ಬರಲಿಲ್ರಿ. ನಾ ಬರಂಗಿಲ್ಲ." ಅವಳು ಠಾಣೆಯ ಬಾಗಿಲಿಗೆ ತಿರುಗಿದಳು. "ಫೌಜದಾರ ಸಾಹೇಬ್ರ! ನನ್ನ ಗಂಡನ್ನ ಕೊಲ್ಲಿಸಿದಾಂವ ಇಲ್ಲಿ ನಿಂತಾನ. ಹೆಸರ ಹೇಳ್ತೇನಿ. ಬರಕೋರಿ."

ಹೇಳಿದಳು. ಧಣಿಯ ಹೆಸರನ್ನು ಅವನ ಅಪ್ಪನ ಹೆಸರು, ಅಡ್ಡಹೆಸರು ಸಮೇತ ಹೇಳಿದಳು. ನಮ್ಮೂರಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ರಸ್ತೆಯ ಆಚೆಯ ಅಂಗಡಿಯವರೂ ಕೇಳಿಸಿಕೊಂಡರು. ಒಳಗೆ ಯಾರೂ ಪೆನ್ನು ಎತ್ತಲಿಲ್ಲ.

ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ಸೋಮವ್ವನ ದನಿಯೂ ಕೂಡಿತು.